ಬಿಬವೇವಾಡಿಯ ನೆರೆಹೊರೆಯೂ ಮಾತೃಭಾಷೆಯ ಅಂಕಣವೂ

೧

ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಮ್ಮ ಮಾತೃಭಾಷೆಯೆಂದು ಬರೆಯಿಸಿದವರ ಸಂಖ್ಯೆಯು ೧೯೯೧ರ ಜನಗಣತಿಯಲ್ಲಿ ಸುಮಾರು ೧೩.೬ ಲಕ್ಷವಾಗಿದ್ದಿತು. ೨೦೦೧ರಲ್ಲಿ ಅದು ೧೨.೫ ಲಕ್ಷಕ್ಕೆ ಇಳಿಯಿತು. ೨೦೧೧ರಲ್ಲಿ ಸುಮಾರು ೧೦ ಲಕ್ಷಕ್ಕೆ ಬಂದು ನಿಂತಿತು. ಇದೇ ಇಪ್ಪತ್ತು ವರ್ಷಗಳಲ್ಲಿ ರಾಜ್ಯದ ಒಟ್ಟು ಜನಸಂಖ್ಯೆಯು ೭.೯ ಕೋಟಿಯಿಂದ ೧೧.೨ ಕೋಟಿಗೆ ಏರಿತು. ಎಂದರೆ, ೧೯೯೧ರಲ್ಲಿ ಮಹಾರಾಷ್ಟ್ರದ ಪ್ರತಿ ಸಾವಿರ ಜನರಲ್ಲಿ ಹದಿನೇಳು ಮಂದಿ ಕನ್ನಡಿಗರಿದ್ದರೆ, ೨೦೧೧ರಲ್ಲಿ ಒಂಬತ್ತು ಮಂದಿ ಮಾತ್ರ ಉಳಿದಿದ್ದರು.

ಈ ಅಂಕಿಗಳನ್ನು ನೋಡಿದವರಿಗೆ ಏಳುವ ಮೊದಲ ಪ್ರಶ್ನೆ, ಇಷ್ಟು ಜನ ಎಲ್ಲಿಗೆ ಹೋದರು ಎಂಬುದು. ದೊಡ್ಡ ಪ್ರಮಾಣದಲ್ಲಿ ಕನ್ನಡಿಗರು ಮಹಾರಾಷ್ಟ್ರವನ್ನು ಬಿಟ್ಟು ಹಿಂದಿರುಗಿದುದನ್ನು ಯಾರೂ ಕಂಡಿಲ್ಲ. ಆ ಇಪ್ಪತ್ತು ವರ್ಷಗಳುದ್ದಕ್ಕೂ ಕಲಬುರಗಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಕರಾವಳಿಯಿಂದ ಉಪಾಹಾರಗೃಹಗಳಿಗೆ, ಧಾರವಾಡ ಬೆಳಗಾವಿಗಳಿಂದ ಕಾರಖಾನೆಗಳಿಗೆ, ಬೆಂಗಳೂರಿನಿಂದ ಗಣಕಯಂತ್ರದ ಕಚೇರಿಗಳಿಗೆ ಜನರು ಪುಣೆಗೆ ಬರುತ್ತಲೇ ಇದ್ದರು. ಜನ ಬರುತ್ತಿರುವಾಗ ಸಂಖ್ಯೆ ಇಳಿಯುತ್ತದೆಂದರೆ, ಆ ಸಂಖ್ಯೆಯು ಜನರ ಬರವು ಹೋಗುವಿಕೆಗಳನ್ನಲ್ಲದೆ ಬೇರೊಂದು ಸಂಗತಿಯನ್ನೂ ಅಳೆಯುತ್ತಿರಬೇಕು.

ಆ ಸಂಗತಿ ಯಾವುದೆಂಬುದನ್ನು ಪುಣೆಯ ಒಂದು ಬಡಾವಣೆಯ ನೆಲದ ಮೇಲೆ ನಿಂತು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬಡಾವಣೆಯಾಗಿ ಬಿಬವೇವಾಡಿಯನ್ನು ಆರಿಸಿಕೊಂಡಿದೆ. ಅದು ಕನ್ನಡಿಗರ ಪ್ರಸಿದ್ಧ ನೆಲೆಯೆಂಬ ಕಾರಣದಿಂದ ಅದನ್ನು ಆರಿಸಿಕೊಂಡಿಲ್ಲ. ಯಾವ ಒಂದು ಜನವರ್ಗದ್ದೂ ಎಂದು ಹೇಳಿಬಿಡಲಾಗದಂತೆ ಬೆಳೆದ ಊರು ಅದು. ಹೊರನಾಡಿನ ಕನ್ನಡಿಗರಲ್ಲಿ ಬಹುಮಂದಿ ಬಾಳುತ್ತಿರುವುದು ಇಂಥ ಊರುಗಳಲ್ಲಿಯೇ.

೨

ಪುಣೆಯ ಸ್ವಾರಗೇಟಿನಿಂದ ದಕ್ಷಿಣಕ್ಕೆ ಹೊರಟ ಸಾತಾರೆಯ ರಸ್ತೆಯು ಕಾತ್ರಜ ಘಟ್ಟವನ್ನು ಹತ್ತಿ, ಸಾತಾರಾ ಕೊಲ್ಹಾಪುರಗಳ ಮೇಲಿಂದ ಬೆಳಗಾವಿ ಧಾರವಾಡಗಳನ್ನು ಹಾಯ್ದು ಬೆಂಗಳೂರನ್ನು ಸೇರುತ್ತದೆ. ಈ ಹಳೆಯ ಹೆದ್ದಾರಿಯ ಮೂಡಣ ಮಗ್ಗುಲಿಗೆ, ಗುಡ್ಡದ ತಪ್ಪಲಿನಲ್ಲಿ ಬಿಬವೇವಾಡಿ ಇದೆ. ಹೆಸರಿನ ಕೊನೆಯಲ್ಲಿರುವ ‘ವಾಡಿ’ಯೇ ಹೇಳುವಂತೆ ಇದು ಮೊದಲು ಒಂದು ಸಣ್ಣ ಹಳ್ಳಿ, ಸುತ್ತಲೂ ಹೊಲ, ಆಚೆಗೆ ಬೆಟ್ಟ. ಪುಣೆಗೆ ಮಹಾನಗರಪಾಲಿಕೆ ಬಂದುದು ೧೯೫೦ರಲ್ಲಿ. ಆಗ ಸುಮಾರು ಐದು ಲಕ್ಷವಿದ್ದ ನಗರದ ಜನಸಂಖ್ಯೆ ೨೦೧೧ರ ವೇಳೆಗೆ ಮೂವತ್ತೊಂದು ಲಕ್ಷವನ್ನು ದಾಟಿತು. ನಗರವು ಹೀಗೆ ಆರು ಪಟ್ಟು ಬೆಳೆದಾಗ ಅಂಚಿನ ವಾಡಿಗಳು ನಗರದ ಒಡಲನ್ನು ಸೇರಿದವು; ಬಿಬವೇವಾಡಿಯೂ ಅವುಗಳಲ್ಲೊಂದು.

ಇಲ್ಲಿ ಜನವಸತಿಯು ಪದರಪದರವಾಗಿ ನೆಲೆಗೊಂಡಿತು. ಮೊದಲಿನ ಪದರ ಹಳ್ಳಿಯ ಮರಾಠಾ ಒಕ್ಕಲುಮನೆತನಗಳದು. ೧೯೬೧ರ ಜುಲೈ ೧೨ರಂದು ಪಾನಶೇತ ಅಣೆಕಟ್ಟು ಒಡೆದು, ಮುಠಾ ನದಿಯ ದಂಡೆಯ ಪೇಟೆಗಳು ನೀರುಪಾಲಾದ ಮೇಲೆ ಮನೆ ಕಳೆದುಕೊಂಡ ಹಳೆಯ ಪುಣೆಯ ಸಂಸಾರಗಳು ಪರ್ವತಿಯ ಸುತ್ತಮುತ್ತಲಿನ ಹೊಸ ವಸತಿಗಳತ್ತ ಸರಿದವು. ನಗರದ ಮುಖವು ದಕ್ಷಿಣಕ್ಕೆ ತಿರುಗಲು ಇದೂ ಒಂದು ಕಾರಣವಾಯಿತು. ಮುಂದೆ ಸಗಟು ವ್ಯಾಪಾರವು ಒಳಪೇಟೆಗಳ ಇಕ್ಕಟ್ಟನ್ನು ಬಿಟ್ಟು ಗುಲಟೇಕಡಿಯ ಮಾರ್ಕೆಟ್ ಯಾರ್ಡಿಗೆ ಬಂದಿತು. ಧಾನ್ಯ, ಬೆಲ್ಲ, ಮಸಾಲೆಗಳ ಆ ದೊಡ್ಡ ಸಂತೆಯು ಬಿಬವೇವಾಡಿಯ ಬಡಗಣ ಬಾಗಿಲಲ್ಲಿಯೇ ನೆಲೆಸಿದ್ದರಿಂದ ಗುಜರಾತಿ, ಮಾರವಾಡಿ ವ್ಯಾಪಾರಿಗಳು, ಅವರಲ್ಲಿಯೂ ಜೈನ ಸಂಸಾರಗಳು, ಹತ್ತಿರದಲ್ಲಿ ಮನೆ ಮಾಡಿಕೊಂಡವು. ಅದೇ ಸಂತೆಗೆ ಹಮಾಲರು ಬೇಕಾದರು, ಬಂಡಿ ನಡೆಯಿಸುವವರು ಬೇಕಾದರು. ಬೆಟ್ಟದ ಮಗ್ಗುಲಲ್ಲಿ ಅಪ್ಪರ ಇಂದಿರಾನಗರ, ಲೋಅರ ಇಂದಿರಾನಗರ ಎಂಬ ಶ್ರಮಿಕರ ವಸತಿಗಳು ಎದ್ದವು. ಕಾರ್ಮಿಕರ ವಿಮಾ ಆಸ್ಪತ್ರೆ ಬಂದಿತು; ೧೯೮೩ರಲ್ಲಿ ವಿಶ್ವಕರ್ಮ ತಾಂತ್ರಿಕ ಸಂಸ್ಥೆ ತೆರೆದು ನಾನಾ ಪ್ರಾಂತಗಳ ವಿದ್ಯಾರ್ಥಿಗಳನ್ನು ತಂದಿತು. ಕೊನೆಗೆ ಸಹಕಾರಿ ಗೃಹಸಂಘಗಳ ಬಹುಮಹಡಿ ಕಟ್ಟಡಗಳು ಹಳೆಯ ಹೊಲಗಳನ್ನೆಲ್ಲ ತುಂಬಿದವು.

ಈ ಪದರಗಳಲ್ಲಿ ಕನ್ನಡಿಗನ ಪದರ ಯಾವುದು? ಒಂದೇ ಎಂದು ಬೊಟ್ಟುಮಾಡಿ ತೋರಿಸುವಂತಿಲ್ಲ. ಗೃಹಸಂಘದ ಮೂರನೆಯ ಮಹಡಿಯಲ್ಲಿ ನಿವೃತ್ತ ಅಧಿಕಾರಿಯಾಗಿ ಆತನಿರಬಹುದು. ರಸ್ತೆಯ ಮೂಲೆಯ ಉಪಾಹಾರಗೃಹದ ಗಲ್ಲಾದ ಮುಂದೆ ಇರಬಹುದು. ಏಳುತ್ತಿರುವ ಕಟ್ಟಡದ ತಗಡಿನ ಗುಡಿಸಲಿನಲ್ಲಿ ಹೆಂಡತಿ ಮಕ್ಕಳೊಡನೆ ಇರಬಹುದು. ಇವರಲ್ಲಿ ಮೊದಲನೆಯವನು ಸಂಘದ ಸದಸ್ಯ. ಎರಡನೆಯವನು ನಾಡಹಬ್ಬಕ್ಕೆ ವರ್ಗಣಿ ಕೊಡುವವನು. ಮೂರನೆಯವನ ಹೆಸರು ನಮ್ಮ ಯಾವ ಪಟ್ಟಿಯಲ್ಲಿಯೂ ಸಿಗದು. ಮೂವರೂ ಒಂದೇ ನುಡಿಯವರೆಂದು ನಾವು ಎಣಿಸುತ್ತೇವೆ. ಜನಗಣತಿಯು ಹಾಗೆ ಎಣಿಸುತ್ತದೆಯೇ ಎಂಬುದನ್ನು ಮುಂದೆ ನೋಡಬೇಕಾಗಿದೆ. ಅದಕ್ಕೆ ಮೊದಲು, ಈ ನೆಲದಲ್ಲಿ ಕನ್ನಡಕ್ಕೆ ಹಿಂದೆ ಏನಾಯಿತೆಂಬುದನ್ನು ಸ್ಮರಿಸುವುದು ಉಚಿತ.

೩

ಹೊರನಾಡಿನ ಕನ್ನಡ ಸಂಘಗಳಲ್ಲಿ ಈ ಪ್ರಾಚೀನ ಸಂಬಂಧದ ವಿಷಯವು ಅನೇಕ ಸಲ ಬಂದುಹೋಗಿರುವುದರಿಂದ ವಿಸ್ತರಿಸುವುದು ಅವಶ್ಯವಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯವರೆಗೆ ಹೇಳಿರುವುದೂ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಶಕ ೬೯೦ರ, ಎಂದರೆ ಕ್ರಿ. ಶ. ೭೬೮ರ ತಳೇಗಾಂವ ತಾಮ್ರಪಟದಲ್ಲಿ ಪುಣೆಯ ಸೀಮೆ ‘ಪೂನಕ ವಿಷಯ’ವೆಂದು ಉಕ್ತವಾಗಿರುವುದೂ, ದೇವಗಿರಿಯ ಸೇವುಣರ ಶಾಸನಗಳಲ್ಲಿ ಹಲವಾರು ಕನ್ನಡದಲ್ಲಿರುವುದೂ, ಜ್ಞಾನೇಶ್ವರನು ಪಂಢರಪುರದ ವಿಠ್ಠಲನಿಗೆ ‘ಕಾನಡಾ’ ಎಂಬ ವಿಶೇಷಣವನ್ನು ಕೊಟ್ಟಿರುವುದೂ ವಾಚಕರಿಗೆ ತಿಳಿದ ಮಾತು. ಈ ವಿಷಯವನ್ನು ಗಟ್ಟಿಯಾಗಿ ಎತ್ತಿ ಚರ್ಚಿಸಿದ ಶಂ. ಬಾ. ಜೋಶಿಯವರು ತಮ್ಮ ಗ್ರಂಥಕ್ಕೆ ‘ಕಣ್ಮರೆಯಾದ ಕನ್ನಡ’ ಎಂದು ಹೆಸರಿಟ್ಟರು.

ಆ ಹೆಸರಿನ ಬಗೆಗೆ ನಾವು ಸಾಕಷ್ಟು ಯೋಚಿಸಿಲ್ಲವೆಂದು ತೋರುತ್ತದೆ. ಗೋದಾವರಿಯ ಮಾತನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಅದರಲ್ಲಿ ಅಡಗಿರುವ ಇನ್ನೊಂದು ಅರ್ಥವನ್ನು ಹೇಳಲು ಹಿಂದೆಗೆಯುತ್ತೇವೆ. ಒಂದು ಕಾಲಕ್ಕೆ ಅಷ್ಟು ದೂರ ಹಬ್ಬಿದ್ದ ನುಡಿಯು ಹಿಂದೆ ಸರಿಯಿತಾದರೆ, ಅದನ್ನು ಆಡುತ್ತಿದ್ದವರನ್ನೆಲ್ಲ ಯಾರೂ ಊರು ಬಿಡಿಸಿ ಓಡಿಸಿದುದಿಲ್ಲ. ಊರುಗಳು ಇದ್ದಲ್ಲಿಯೇ ಇದ್ದವು, ಮನೆತನಗಳು ಅವೇ ಹೊಲಗಳನ್ನು ಉತ್ತವು, ಅವೇ ದೇವರುಗಳಿಗೆ ನಡೆದುಕೊಂಡವು. ತಲೆಮಾರು ಕಳೆದಂತೆ ಮನೆಯ ಮಾತು ಮಾತ್ರ ಬದಲಾಯಿತು. ಅಂದು ಯಾರೂ ಎಣಿಸುತ್ತಿರಲಿಲ್ಲವಾದ ಕಾರಣ ಆ ಮಾರ್ಪಾಟಿನ ಲೆಕ್ಕ ನಮಗೆ ದೊರೆಯದು. ಇಂದು ಹತ್ತು ವರ್ಷಕ್ಕೊಮ್ಮೆ ಎಣಿಸುತ್ತಾರೆ. ೧೩.೬, ೧೨.೫, ೧೦ ಎಂಬ ಆ ಮೂರು ಅಂಕಿಗಳಲ್ಲಿ, ಹಿಂದೆ ಶತಮಾನಗಳ ಮೇಲೆ ನಡೆದ ಕ್ರಿಯೆಯ ಒಂದು ತುಣುಕನ್ನು ನಾವು ಕಣ್ಣಾರೆ ನೋಡುತ್ತಿದ್ದೇವೆಂದು ಹೇಳಬಹುದು.

ಈ ಕ್ರಿಯೆ ಒಂದೇ ದಿಕ್ಕಿನದಲ್ಲ. ಪುಣೆಯ ಜಹಗೀರದಾರನಾದ ಶಹಾಜಿಯು ಆದಿಲಶಾಹಿಯ ಪರವಾಗಿ ಬೆಂಗಳೂರನ್ನು ಆಳಿ, ೧೬೬೪ರಲ್ಲಿ ಚನ್ನಗಿರಿಯ ಸಮೀಪದ ಹೊದಿಗೆರೆಯಲ್ಲಿ ತೀರಿಕೊಂಡನು. ಅವನ ಕಾಲದಿಂದಲೂ ಅನಂತರವೂ ದಕ್ಷಿಣಕ್ಕೆ ಇಳಿದ ಮರಾಠಿ ಮನೆತನಗಳು ಕರ್ನಾಟಕದ ಉದ್ದಗಲಕ್ಕೂ ಇವೆ. ೨೦೧೧ರಲ್ಲಿ ಕರ್ನಾಟಕದಲ್ಲಿ ಮರಾಠಿಯನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು ೨೦ ಲಕ್ಷ. ಕನ್ನಡದ ವರಕವಿ ಬೇಂದ್ರೆಯವರ ಮನೆಮಾತು ಮರಾಠಿ ಎಂಬುದು ಎಲ್ಲರೂ ಬಲ್ಲ ಸಂಗತಿ. ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಇತ್ತ ಪುಣೆಯಲ್ಲಿ ನೆಲೆಸಿ, ತಮ್ಮ ಗುರು ಸವಾಯಿ ಗಂಧರ್ವರ ಸ್ಮರಣೆಗಾಗಿ ೧೯೫೩ರಲ್ಲಿ ಸಂಗೀತೋತ್ಸವವನ್ನು ಆರಂಭಿಸಿ, ಮರಾಠಿ ಅಭಂಗಗಳನ್ನು ಮನೆಮನೆಗೆ ಮುಟ್ಟಿಸಿದ ಭೀಮಸೇನ ಜೋಶಿಯವರು ಗದಗ ಸೀಮೆಯ ಕನ್ನಡಿಗರು. ಗಣತಿಯ ಅಂಕಣದಲ್ಲಿ ಬೇಂದ್ರೆಯವರನ್ನು ಮರಾಠಿಯಲ್ಲಿಯೂ ಭೀಮಸೇನರನ್ನು ಕನ್ನಡದಲ್ಲಿಯೂ ಬರೆದರೆ ಅದು ಸತ್ಯವೇ ಆಗುತ್ತದೆ. ಆದರೆ ಎರಡು ನಾಡುಗಳಿಗೂ ಅವರಿಂದ ಸಂದುದರಲ್ಲಿ ಅರ್ಧವೂ ಆ ಸತ್ಯದೊಳಗೆ ಹಿಡಿಸದು.

೪

ಆಧುನಿಕ ಕಾಲದಲ್ಲಿ ಕನ್ನಡಿಗನು ಪುಣೆಗೆ ಬಂದ ಬಗೆಯನ್ನು ನಾಲ್ಕು ಘಟ್ಟಗಳಲ್ಲಿ ಹೇಳಬಹುದು.

ಮೊದಲನೆಯದು ವಿದ್ಯೆಯ ಘಟ್ಟ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಉಚ್ಚಶಿಕ್ಷಣಕ್ಕೆ ಪುಣೆಯೇ ಹತ್ತಿರದ ದೊಡ್ಡ ಕೇಂದ್ರ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದು ೧೯೧೭ರಲ್ಲಿ. ಅದಕ್ಕೆ ಮೊದಲು ಆ ಭಾಗದ ತರುಣರು ೧೮೮೫ರಲ್ಲಿ ಸ್ಥಾಪಿತವಾದ ಫರ್ಗ್ಯುಸನ್ ಕಾಲೇಜಿಗೋ ಡೆಕ್ಕನ್ ಕಾಲೇಜಿಗೋ ಬರುತ್ತಿದ್ದರು. ಕರ್ನಾಟಕ ಏಕೀಕರಣದ ಕುಲಪುರೋಹಿತರೆನಿಸಿದ ಆಲೂರ ವೆಂಕಟರಾಯರು ಓದಿದುದು ಫರ್ಗ್ಯುಸನ್ನಿನಲ್ಲಿ. ಬೇಂದ್ರೆಯವರು ೧೯೧೮ರಲ್ಲಿ ಪದವೀಧರರಾದುದೂ ಅಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮರಾಠಾ ರೈಲ್ವೆಯು ಪುಣೆಯನ್ನು ಮಿರಜ, ಬೆಳಗಾವಿ, ಲೋಂಡಾಗಳಿಗೆ ಜೋಡಿಸಿದುದರಿಂದ ಈ ಹೋಗಿಬರುವಿಕೆ ಸುಲಭವಾಯಿತು. ಹೀಗೆ ಬಂದವರು ಪರದೇಶಕ್ಕೆ ಬಂದವರಲ್ಲ. ತಮ್ಮದೇ ಪ್ರಾಂತದ ಇನ್ನೊಂದು ನಗರಕ್ಕೆ ಬಂದವರು. ಅವರಲ್ಲಿ ಬಹುಮಂದಿಗೆ ಮರಾಠಿಯು ಶಾಲೆಯಿಂದಲೋ ಕಚೇರಿಯಿಂದಲೋ ಮೊದಲೇ ಪರಿಚಿತ.

ಎರಡನೆಯದು ಉಪಾಹಾರಗೃಹಗಳ ಘಟ್ಟ. ದಕ್ಷಿಣ ಕನ್ನಡದ ಹಳ್ಳಿಗಳಿಂದ ಬರಿಗೈಯಲ್ಲಿ ಬಂದ ಹುಡುಗರು ಇನ್ನೊಬ್ಬರ ಹೋಟೆಲಿನಲ್ಲಿ ಲೋಟ ತೊಳೆದು, ಮುಂದೆ ತಾವೇ ಹೋಟೆಲುಗಳ ಒಡೆಯರಾದ ಕಥೆಯು ಮುಂಬಯಿಯಂತೆ ಪುಣೆಯಲ್ಲಿಯೂ ನಡೆಯಿತು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳನ್ನು ಬೆಳೆಸಿ ೨೦೨೩ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟಿಯವರು ಈ ವರ್ಗದ ಸುಪ್ರಸಿದ್ಧ ಪ್ರತಿನಿಧಿ. ವೈಶಾಲಿಗೆ ಮೊದಲಿದ್ದ ಹೆಸರು ‘ಮದ್ರಾಸ್ ಹೆಲ್ತ್ ಹೋಮ್’. ಕರಾವಳಿಯ ಮನುಷ್ಯ, ಮದರಾಸಿನ ಹೆಸರು, ಪುಣೆಯ ಗಿರಾಕಿ: ಊರವರ ಕಣ್ಣಿಗೆ ತೆಂಕಣದವರೆಲ್ಲ ಒಂದೇ ಆಗಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೂರನೆಯದು ಕಾರಖಾನೆಗಳದು. ೧೯೪೬ರಲ್ಲಿ ಕಿರ್ಲೋಸ್ಕರ ಆಯಿಲ್ ಎಂಜಿನ್ಸ್, ೧೯೫೪ರಲ್ಲಿ ಪಿಂಪರಿಯ ಹಿಂದುಸ್ತಾನ ಆಂಟಿಬಯೋಟಿಕ್ಸ್, ಅನಂತರ ಪಿಂಪರಿ ಚಿಂಚವಡದ ವಾಹನೋದ್ಯಮಗಳು ತಂತ್ರಜ್ಞರನ್ನೂ ಕುಶಲಕರ್ಮಿಗಳನ್ನೂ ಕರೆದವು. ನಾಲ್ಕನೆಯದು ೧೯೯೦ರ ತರುವಾಯದ್ದು. ಅದಕ್ಕೆ ಎರಡು ಮುಖ. ಒಂದು, ಗಣಕಯಂತ್ರ ವಿದ್ಯೆ ಕಲಿತವರದು. ಇನ್ನೊಂದು, ಅವರ ಕಚೇರಿಗಳನ್ನೂ ಮನೆಗಳನ್ನೂ ಕಟ್ಟಿದ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕೂಲಿಕಾರರದು. ಮಳೆ ಕೈಕೊಟ್ಟ ವರ್ಷ ‘ಪುಣಾಕ ಹೋಗೂದು’ ಎಂಬ ಮಾತು ಆ ಸೀಮೆಯಲ್ಲಿ ಹೊಸದಲ್ಲ.

ಈ ಘಟ್ಟಗಳ ನಡುವೆ ೧೯೫೬ರ ನವೆಂಬರ ೧ ಬರುತ್ತದೆ. ಫಜಲ ಅಲಿ ಆಯೋಗದ ವರದಿಯನ್ನು ಅನುಸರಿಸಿ ರಾಜ್ಯಗಳು ಪುನರ್ವಿಂಗಡಿತವಾದಾಗ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರು ಮುಂಬಯಿ ರಾಜ್ಯದಲ್ಲಿ ಉಳಿದರು. ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿಯ ಕಥೆ, ೧೯೬೭ರ ಮಹಾಜನ ವರದಿ, ಅನಂತರದ ವಿವಾದಗಳು ನಮ್ಮ ವಿಷಯವಲ್ಲ. ನಮಗೆ ಮುಖ್ಯವಾದುದು ಇಷ್ಟೇ: ಆ ದಿನ ಪುಣೆಯ ಕನ್ನಡಿಗನು ಇದ್ದ ಮನೆಯಿಂದ ಕದಲಲಿಲ್ಲ, ಆದರೂ ಪ್ರಾಂತದ ಪ್ರಜೆಯಾಗಿದ್ದವನು ಬೆಳಗಾಗುವುದರೊಳಗೆ ಭಾಷಾ ಅಲ್ಪಸಂಖ್ಯಾತನಾದನು. ಅಂದಿನಿಂದ ಅವನ ಎಣಿಕೆಗೆ ಒಂದು ಹೊಸ ಮಹತ್ತ್ವ ಬಂದಿತು.

೫

ಎಣಿಕೆಯ ವಿಧಾನವನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ೧೮೮೧ರಿಂದ ಇತ್ತ ಪ್ರತಿ ಗಣತಿಯಲ್ಲಿಯೂ ಭಾಷೆಯನ್ನು ಕೇಳಿದ್ದಾರೆ. ಆದರೆ ಕೇಳಿದ ಪ್ರಶ್ನೆ ಒಂದೇ ಅಲ್ಲ. ೧೮೮೧ರಲ್ಲಿ ಮಾತೃಭಾಷೆಯನ್ನು ಕೇಳಿದರು. ೧೮೯೧ರಲ್ಲಿ ತಂದೆತಾಯಿಗಳ ಭಾಷೆಯನ್ನು. ೧೯೦೧ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆಯನ್ನು. ೧೯೩೧ರಲ್ಲಿ ಮತ್ತೆ ಮಾತೃಭಾಷೆಯನ್ನು. ಇಂದಿನ ನಿಯಮದಂತೆ ಮಾತೃಭಾಷೆಯೆಂದರೆ, ವ್ಯಕ್ತಿಯ ಬಾಲ್ಯದಲ್ಲಿ ಅವನ ತಾಯಿಯು ಅವನೊಡನೆ ಆಡಿದ ಭಾಷೆ. ತಾಯಿ ಎಳವೆಯಲ್ಲಿಯೇ ತೀರಿಕೊಂಡಿದ್ದರೆ, ಆ ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಒಂದೇ ಮನೆಯ ಎಲ್ಲರಿಗೂ ಅದು ಒಂದೇ ಆಗಿರಬೇಕೆಂದಿಲ್ಲವೆಂದೂ, ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೇಳಬೇಕೆಂದೂ, ಹೇಳಿದ ಹೆಸರನ್ನು ಹೇಳಿದಂತೆಯೇ ಬರೆದುಕೊಳ್ಳಬೇಕೆಂದೂ ಗಣತಿದಾರರಿಗೆ ಸೂಚನೆಯಿರುತ್ತದೆ.

ಈ ವ್ಯಾಖ್ಯೆಯನ್ನು ಬಿಬವೇವಾಡಿಯ ನಮ್ಮ ಮೂರು ಮನೆಗಳಿಗೆ ಅನ್ವಯಿಸಿ ನೋಡೋಣ. ಮೊದಲನೆಯದು ನಿವೃತ್ತ ಅಧಿಕಾರಿಯ ಮನೆ. ಅಜ್ಜ ಅಜ್ಜಿಯರು ಕನ್ನಡ. ಮಗನೂ ಕನ್ನಡವೇ, ಸೊಸೆಯೂ ಧಾರವಾಡದ ಕಡೆಯವಳೇ. ಆದರೆ ನೆರೆಹೊರೆ, ಆಟದ ಬಯಲು, ಶಾಲೆಗಳ ಅನುಕೂಲಕ್ಕಾಗಿ ಆಕೆಯು ಮಗುವಿನೊಡನೆ ಮರಾಠಿಯನ್ನೋ ಇಂಗ್ಲಿಷನ್ನೋ ಆಡತೊಡಗಿದ್ದರೆ, ನಿಯಮದಂತೆ ಆ ಮಗುವಿನ ಮಾತೃಭಾಷೆ ಕನ್ನಡವಲ್ಲ. ತಾಯಿ ಕನ್ನಡತಿ ಎಂಬುದರಿಂದ ಅದು ಕನ್ನಡವಾಗುವುದಿಲ್ಲ. ಎರಡನೆಯದು ಹೋಟೆಲಿನವರ ಮನೆ. ಅವರು ಮಾತೃಭಾಷೆಯನ್ನು ತುಳು ಎಂದು ಬರೆಯಿಸುತ್ತಾರೆ. ಅದು ಸರಿಯೂ ಹೌದು. ಗಣತಿಯ ವರ್ಗೀಕರಣದಲ್ಲಿ ನೀಲಗಿರಿಯ ಬಡಗ ನುಡಿ ಕನ್ನಡದೊಳಗೆ ಸೇರುತ್ತದೆ. ತುಳು ಪ್ರತ್ಯೇಕ ಭಾಷೆಯಾಗಿ ನಿಲ್ಲುತ್ತದೆ. ೨೦೧೧ರಲ್ಲಿ ದೇಶದಲ್ಲಿ ತುಳುವರೆಂದು ಎಣಿಕೆಯಾದವರು ಸುಮಾರು ೧೮.೫ ಲಕ್ಷ. ಕನ್ನಡ ಸಂಘದ ಸಭೆಯಲ್ಲಿ ಮೊದಲ ಸಾಲಿನಲ್ಲಿ ಕುಳಿತ ಮನುಷ್ಯನು ಕನ್ನಡದ ಅಂಕಣದಲ್ಲಿ ಇಲ್ಲವೆಂದರೆ ಆಶ್ಚರ್ಯಪಡುವ ಕಾರಣವಿಲ್ಲ. ಮೂರನೆಯದು ಕೂಲಿಕಾರನ ಗುಡಿಸಲು. ಅಲ್ಲಿ ತಾಯಿ ಮಗುವಿನೊಡನೆ ಆಡುವುದು ಅಚ್ಚ ಕನ್ನಡ. ವ್ಯಾಖ್ಯೆಗೆ ಅಕ್ಷರಶಃ ಒಪ್ಪುವ ಕನ್ನಡ ಮನೆ ಇದೇ. ಆದರೆ ಕೆಲಸ ಮುಗಿದೊಡನೆ ಜಾಗ ಬಿಡುವ, ವರ್ಷಕ್ಕೆರಡು ಸಲ ಊರಿಗೆ ಹೋಗಿಬರುವ ಈ ಮನೆಯು ಗಣತಿದಾರನ ಕೈಗೆ ಸಿಗುವುದು ಎಲ್ಲಕ್ಕಿಂತ ಕಷ್ಟ.

ಆದುದರಿಂದ ಸಂಖ್ಯೆಯ ಇಳಿಕೆಯನ್ನು ಒಂದೇ ಕಾರಣಕ್ಕೆ ಕಟ್ಟುವುದು ಯುಕ್ತವಲ್ಲ. ಮಹಾರಾಷ್ಟ್ರದ ಕನ್ನಡಿಗರಲ್ಲಿ ದೊಡ್ಡ ಭಾಗವು ಪುಣೆ ಮುಂಬಯಿಗಳ ವಲಸೆಗಾರರದಲ್ಲ, ಸೊಲ್ಲಾಪುರ, ಸಾಂಗಲಿ ಮೊದಲಾದ ಗಡಿಜಿಲ್ಲೆಗಳಲ್ಲಿ ತಲೆತಲಾಂತರದಿಂದ ಇರುವವರದು ಎಂಬುದನ್ನೂ ಮರೆಯಬಾರದು. ಅಲ್ಲಿ ಶಾಲೆಯ ಭಾಷೆ ಬದಲಾದಂತೆ ಮನೆಯ ಉತ್ತರವೂ ಬದಲಾಗುತ್ತದೆ. ನಗರದಲ್ಲಿಯೂ ಗಡಿಯಲ್ಲಿಯೂ ಸಮಾನವಾದ ಅಂಶವೊಂದಿದೆ: ಅಂಕಣವು ಒಂದೇ ಭಾಷೆಯನ್ನು ಹಿಡಿಯುತ್ತದೆ; ಮನೆಯಾದರೋ ಎರಡು ಭಾಷೆಗಳಲ್ಲಿ ನ

ಡೆಯುತ್ತದೆ.

ಇಂಥ ತೊಡಕು ನಮಗೊಬ್ಬರಿಗೇ ಬಂದುದಲ್ಲ. ಬೆಲ್ಜಿಯಮ್ ದೇಶದಲ್ಲಿ ೧೯೪೭ರ ಭಾಷಾಗಣತಿಯ ಫಲಗಳು ಫ್ರೆಂಚ್ ಮತ್ತು ಡಚ್ ನುಡಿಯವರ ನಡುವೆ ಎಂಥ ಕಲಹವನ್ನೆಬ್ಬಿಸಿದುವೆಂದರೆ, ಅವುಗಳನ್ನು ಪ್ರಕಟಿಸಲು ೧೯೫೪ರವರೆಗೆ ಕಾಯಬೇಕಾಯಿತು. ೧೯೬೧ರಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟರು. ನಮ್ಮಲ್ಲಿ ೧೯೫೧ರಲ್ಲಿ ಪಂಜಾಬದ ಕಡೆ ಹಿಂದಿ, ಪಂಜಾಬಿಗಳ ಪರವಾಗಿ ನಡೆದ ಪ್ರಚಾರದಿಂದ ಉತ್ತರಗಳು ಎಷ್ಟು ಕಲುಷಿತವಾದುವೆಂದರೆ, ಅಲ್ಲಿಯ ಹಿಂದಿ, ಉರ್ದು, ಪಂಜಾಬಿ, ಪಹಾಡಿಗಳನ್ನು ಕೂಡಿಸಿ ಒಂದೇ ಅಂಕಿಯಾಗಿ ಕೊಡಬೇಕಾಯಿತು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಭಾಷೆಯ ಬದಲು ಜನಾಂಗದ ಅಂಕಣ. ೧೯೨೦ರಿಂದ ೧೯೪೦ರವರೆಗಿನ ಮೂರು ಗಣತಿಗಳಲ್ಲಿ ಅಲ್ಲಿ ‘ಹಿಂದು’ ಎಂಬುದು ಒಂದು ಜನಾಂಗದ ಹೆಸರಾಗಿತ್ತು. ಭಾರತದಿಂದ ಹೋದ ಸಿಖ್ಖನೂ ಮುಸಲ್ಮಾನನೂ ಅದರಲ್ಲಿಯೇ ಸೇರುತ್ತಿದ್ದರು. ೨೦೦೦ದಲ್ಲಿ ಮೊದಲ ಬಾರಿಗೆ ಒಬ್ಬನು ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತಿಸಿಕೊಳ್ಳಬಹುದೆಂದು ಅವಕಾಶವಿತ್ತಾಗ ೬೮ ಲಕ್ಷ ಮಂದಿ ಹಾಗೆ ಮಾಡಿದರು. ೨೦೨೦ರಲ್ಲಿ ಅವರ ಸಂಖ್ಯೆ ೩.೩೮ ಕೋಟಿಯಾಯಿತು. ಈ ಏರಿಕೆಗೆ ಪ್ರಶ್ನೆಯ ರೂಪವನ್ನೂ ಉತ್ತರವನ್ನು ವಿಂಗಡಿಸುವ ಕ್ರಮವನ್ನೂ ಮಾರ್ಪಡಿಸಿದುದು ಬಹುಮಟ್ಟಿಗೆ ಕಾರಣವೆಂದು ಗಣತಿಯ ಇಲಾಖೆಯೇ ತಿಳಿಸಿತು. ವೈವಿಧ್ಯವುಳ್ಳ ದೇಶಗಳಲ್ಲಿ ಜನರ ಪ್ರಮಾಣ ಬದಲಾಗುವುದರ ಜೊತೆಗೆ ಅಳೆಯುವ ಕೋಲೂ ಬದಲಾಗುತ್ತಿರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡದವನು ಅಂಕಿಯನ್ನು ಕಂಡು ಅನಾವಶ್ಯಕವಾಗಿ ಹೆದರುತ್ತಾನೆ, ಇಲ್ಲವೆ ಅನಾವಶ್ಯಕವಾಗಿ ಹಿಗ್ಗುತ್ತಾನೆ.

೬

ಹಾಗಾದರೆ ಅಂಕಿಯನ್ನು ಲೆಕ್ಕಿಸದೆ ಇರಬಹುದೇ? ಇರಲಾಗದು, ಏಕೆಂದರೆ ಅದರ ಮೇಲೆ ಹಕ್ಕುಗಳು ನಿಂತಿವೆ. ಪ್ರಾಂತಗಳ ಶಿಕ್ಷಣಮಂತ್ರಿಗಳು ೧೯೪೯ರಲ್ಲಿ ಒಪ್ಪಿದ ಸೂತ್ರದಂತೆ, ಒಂದು ಶಾಲೆಯಲ್ಲಿ ೪೦ ಅಥವಾ ಒಂದು ತರಗತಿಯಲ್ಲಿ ೧೦ ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕೊಡಲು ಶಿಕ್ಷಕನನ್ನು ಒದಗಿಸಬೇಕು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯವನ್ನು ಕಲ್ಪಿಸಲು ರಾಜ್ಯಗಳೂ ಸ್ಥಾನಿಕ ಸಂಸ್ಥೆಗಳೂ ಪ್ರಯತ್ನಿಸಬೇಕೆಂದು ವಿಧಿಸಿತು. ಒಂದು ಜಿಲ್ಲೆಯಲ್ಲಿಯೋ ತಾಲೂಕಿನಲ್ಲಿಯೋ ಅಲ್ಪಸಂಖ್ಯಾತರು ನೂರಕ್ಕೆ ಹದಿನೈದರಷ್ಟಿದ್ದರೆ ಮುಖ್ಯ ಸರಕಾರಿ ಪ್ರಕಟನೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವ ಕ್ರಮವಿದೆ. ಈ ಎಲ್ಲ ಸೌಕರ್ಯಗಳಿಗೂ ಮೊದಲ ಆಧಾರ ಎಣಿಕೆಯೇ. ಪುಣೆಯ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳನ್ನೂ ನಡೆಸಿದೆಯೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು. ಅಂಥ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರೆ ಶಾಲೆ ಮುಚ್ಚುತ್ತದೆ. ಮುಚ್ಚಿದರೆ ಮೊದಲು ನಷ್ಟಪಡುವುದು ಆ ತಗಡಿನ ಗುಡಿಸಲಿನ ಮಗು.

ಮಾತೃಭಾಷೆ ಯಾವುದೆಂಬುದನ್ನು ನಿಶ್ಚಯಿಸುವವರು ಯಾರೆಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಕರ್ನಾಟಕದ್ದೇ ಒಂದು ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ೨೦೧೪ರಲ್ಲಿ ಕೊಟ್ಟ ತೀರ್ಪಿನಂತೆ, ಪ್ರಾಥಮಿಕ ಶಿಕ್ಷಣದ ಮಟ್ಟಿಗೆ ಮಗುವಿನ ಮಾತೃಭಾಷೆಯನ್ನು ನಿರ್ಧರಿಸಬೇಕಾದವರು ತಂದೆತಾಯಿಗಳು. ಹೀಗೆ ಗಣತಿಯು ತಾಯಿ ಆಡಿದ ಮಾತನ್ನು ಕೇಳುತ್ತದೆ. ನ್ಯಾಯಾಲಯವು ತಂದೆತಾಯಿಗಳ ಆಯ್ಕೆಯನ್ನು ಮನ್ನಿಸುತ್ತದೆ. ಎರಡು ದಾರಿಗಳೂ ಬಂದು ಮುಟ್ಟುವುದು ಮನೆಯ ಹೊಸ್ತಿಲಿಗೆ.

ನಮ್ಮಲ್ಲಿ ಕೆಲವರು ಹೇಳುವುದುಂಟು: ಗಣತಿದಾರನು ಬಂದಾಗ ಮನೆಯವರೆಲ್ಲರ ಮುಂದೆಯೂ ಕನ್ನಡವೆಂದೇ ಬರೆಯಿಸಿರಿ, ಮಕ್ಕಳಿಗೆ ಬಾರದಿದ್ದರೂ ಚಿಂತೆಯಿಲ್ಲ, ಸಂಖ್ಯೆ ಉಳಿದರೆ ಸಾಕು. ಈ ಸಲಹೆಯ ಹಿಂದಿನ ಅಭಿಮಾನವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸಲಹೆಯನ್ನು ಒಪ್ಪುವಂತಿಲ್ಲ. ಪಂಜಾಬದ ಉದಾಹರಣೆಯೇ ಸಾಕು: ಎಲ್ಲರೂ ಅಭಿಮಾನಕ್ಕಾಗಿ ಉತ್ತರ ಕೊಟ್ಟರೆ ಕೊನೆಗೆ ಅಂಕಿಗೆ ಬೆಲೆಯೇ ಉಳಿಯುವುದಿಲ್ಲ. ಕಾಗದದ ಮೇಲೆ ಕನ್ನಡಿಗನಾದ ಮಗು ಕನ್ನಡ ಶಾಲೆಗೆ ಬರುವುದಿಲ್ಲ. ಅದರ ಹೆಸರಿನಲ್ಲಿ ಕೇಳಿದ ಶಿಕ್ಷಕನ ಮುಂದೆ ಮಣೆಗಳು ಬರಿದಾಗಿರುತ್ತವೆ. ಇನ್ನು ಕೆಲವರು, ಬಂದ ನಾಡಿನಲ್ಲಿ ಬೆರೆಯುವುದೇ ಧರ್ಮ, ಮರಾಠಿಯೆಂದು ಬರೆಯಿಸಿ ಸುಮ್ಮನಿರಿ ಎನ್ನುತ್ತಾರೆ. ಬೆರೆಯುವುದು ಧರ್ಮವೆಂಬುದು ನಿಜ. ಮರಾಠಿಯನ್ನು ಚೆನ್ನಾಗಿ ಕಲಿಯದೆ ಪುಣೆಯಲ್ಲಿ ಬಾಳುವೆನೆಂಬುದು ಅವಿವೇಕವೂ ಅಕೃತಜ್ಞತೆಯೂ ಆಗುತ್ತದೆ. ೨೦೨೦ರ ಕಾನೂನಿನಂತೆ ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯವಾಗಿರುವುದರಿಂದ ನಮ್ಮ ಮಕ್ಕಳು ಅದನ್ನು ಹೇಗೂ ಕಲಿಯುತ್ತಾರೆ. ಆದರೆ ಬೆರೆಯಲು ಇದ್ದುದನ್ನು ಇಲ್ಲವೆನ್ನಬೇಕಾಗಿಲ್ಲ.

೭

ಈ ಎರಡು ತುದಿಗಳ ನಡುವೆ ಒಂದು ಸರಿಯಾದ ದಾರಿಯಿದೆ. ಅದನ್ನು ಗಣತಿಯ ಕಾಗದವೇ ತೋರಿಸುತ್ತದೆ. ಮಾತೃಭಾಷೆಯ ಪ್ರಶ್ನೆಯ ಕೆಳಗೆ, ಬಲ್ಲ ಇತರ ಭಾಷೆಗಳು ಯಾವುವು ಎಂಬ ಇನ್ನೊಂದು ಪ್ರಶ್ನೆಯು ಬಹುಕಾಲದಿಂದ ಬಂದಿದೆ. ನಮ್ಮ ಚರ್ಚೆಗಳಲ್ಲಿ ಅದರ ಹೆಸರೇ ಕೇಳಿಬರುವುದಿಲ್ಲ. ಮರಾಠಿಯಲ್ಲಿ ಬೆಳೆದು ಅಜ್ಜಿಯೊಡನೆ ಕನ್ನಡ ಮಾತನಾಡುವ ಮಗುವಿಗೆ ಅಲ್ಲಿ ಸ್ಥಳವಿದೆ. ತುಳುವಿನ ಮನೆಯ ಕನ್ನಡಕ್ಕೂ ಅಲ್ಲಿ ಸ್ಥಳವಿದೆ. ಮೊದಲನೆಯ ಪ್ರಶ್ನೆಗೆ ಸತ್ಯವಾದ ಉತ್ತರ, ಎರಡನೆಯದಕ್ಕೆ ಪೂರ್ಣವಾದ ಉತ್ತರ: ಇಷ್ಟನ್ನು ಪ್ರತಿ ಮನೆಯೂ ಕೊಟ್ಟರೆ ಮಹಾರಾಷ್ಟ್ರದಲ್ಲಿ ಕನ್ನಡದ ನಿಜಸ್ಥಿತಿ ಏನೆಂಬುದು ಮೊದಲ ಬಾರಿಗೆ ತಿಳಿದುಬರುವುದು. ೨೦೨೧ರಲ್ಲಿ ನಡೆಯಬೇಕಾಗಿದ್ದು ಮುಂದೆ ಹೋದ ಜನಗಣತಿಗೆ ಸರಕಾರವು ೨೦೨೭ರ ಮಾರ್ಚ್ ೧ನ್ನು ಎಣಿಕೆಯ ದಿನವಾಗಿ ಪ್ರಕಟಿಸಿದೆ. ಮನೆಯವರು ತಾವೇ ವಿವರಗಳನ್ನು ತುಂಬುವ ಅವಕಾಶವನ್ನೂ ಅದರಲ್ಲಿ ಕಲ್ಪಿಸಿದೆಯಾದ್ದರಿಂದ, ಬರೆದುಕೊಳ್ಳುವವನು ತಪ್ಪಿದನೆಂದು ಹೇಳಲು ಇನ್ನು ಮುಂದೆ ಅಷ್ಟಾಗಿ ಆಸ್ಪದವಿರದು.

ಸಂಘಗಳಿಗೂ ಇಲ್ಲಿ ಮಾಡಬೇಕಾದ ಕೆಲಸವಿದೆ. ಬಡಾವಣೆಗೊಂದರಂತೆ ಸಣ್ಣ ಸಮೀಕ್ಷೆಯೊಂದನ್ನು ನಡೆಸುವುದು ನಮ್ಮ ಶಕ್ತಿಗೆ ಮೀರಿದುದಲ್ಲ. ಬಿಬವೇವಾಡಿಯಂಥ ಕಡೆ ಹತ್ತು ಜನ ಕಾರ್ಯಕರ್ತರು ಕೆಲವು ಭಾನುವಾರಗಳಲ್ಲಿ ಇದನ್ನು ಪೂರೈಸಬಹುದು. ಯಾವ ತಲೆಮಾರಿನವರು ಯಾರೊಡನೆ ಯಾವ ಭಾಷೆಯನ್ನಾಡುತ್ತಾರೆ, ಓದಲು ಬರುವುದು ಯಾವುದು, ಬರೆಯಲು ಬರುವುದು ಯಾವುದು, ಊರಿಗೆ ಹೋಗಿಬರುವುದು ಎಷ್ಟು ಸಲ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಇಂಥ ಏಳೆಂಟು ಪ್ರಶ್ನೆಗಳು ಸಾಕು. ಆದರೆ ಅದು ಸದಸ್ಯರ ಪಟ್ಟಿಯಿಂದ ಆರಂಭವಾಗಕೂಡದು. ಹಾಗೆ ಆರಂಭವಾದರೆ ಗೃಹಸಂಘಗಳ ಮಹಡಿಗಳನ್ನು ಹತ್ತಿ ಇಳಿಯುವುದರಲ್ಲಿಯೇ ಮುಗಿಯುತ್ತದೆ. ಕಟ್ಟಡದ ಕೆಲಸ ನಡೆದಿರುವ ಬಯಲುಗಳಿಂದಲೂ ಬೆಟ್ಟದ ಮಗ್ಗುಲ ವಸತಿಗಳಿಂದಲೂ ಅದು ಆರಂಭವಾಗಬೇಕು. ಕನ್ನಡವನ್ನು ಈ ಹೊತ್ತು ಪುಣೆಯಲ್ಲಿ ತಾಯಿ ಮಗುವಿಗೆ ಸಹಜವಾಗಿ ಕೊಡುತ್ತಿರುವ ಮನೆಗಳು ಹೆಚ್ಚಾಗಿ ಅಲ್ಲಿವೆ. ಆ ಮಕ್ಕಳಿಗೆ ಅಕ್ಷರ ಕಲಿಸುವವರು ಸಿಕ್ಕರೆ ಅವರು ಕನ್ನಡ ಓದುತ್ತಾರೆ. ಸಿಗದಿದ್ದರೆ ಯಾವ ಭಾಷೆಯನ್ನೂ ಸರಿಯಾಗಿ ಓದದೆ ತಂದೆಯ ಕೆಲಸಕ್ಕೆ ಸೇರುತ್ತಾರೆ.

ಇಳಿದ ಸಂಖ್ಯೆಯನ್ನು ಏರಿಸುವ ಉಪಾಯವೆಂದು ಇದನ್ನು ಹೇಳುತ್ತಿಲ್ಲ. ೨೦೨೭ರ ಅಂಕಿ ೧೦ ಲಕ್ಷಕ್ಕಿಂತಲೂ ಕೆಳಗೆ ಇಳಿದರೆ ಬೆರಗಾಗಬೇಕಾಗಿಲ್ಲ. ಕರ್ನಾಟಕದಲ್ಲಿಯೇ ಕನ್ನಡವನ್ನು ಮಾತೃಭಾಷೆಯಾಗಿ ಉಳ್ಳವರು ೨೦೧೧ರಲ್ಲಿ ನೂರಕ್ಕೆ ಅರುವತ್ತಾರರಷ್ಟು ಮಾತ್ರ. ಆದರೂ ಅಲ್ಲಿ ಕನ್ನಡವು ನಡೆಯುತ್ತಿರುವುದು ಮನೆಯಲ್ಲಿ ತಮಿಳು, ತೆಲುಗು, ಉರ್ದು, ಮರಾಠಿ, ಕೊಂಕಣಿ, ತುಳುಗಳನ್ನಾಡುವವರು ಹೊರಗೆ ಅದನ್ನು ತಮ್ಮದಾಗಿ ಮಾಡಿಕೊಂಡಿರುವುದರಿಂದ. ಬೇಂದ್ರೆ ಮಾಸ್ತಿಯವರ ದೃಷ್ಟಾಂತ ಇದನ್ನೇ ಹೇಳುತ್ತದೆ. ಪುಣೆಯಲ್ಲಿ ಮರಾಠಿಯು ನಮ್ಮಿಂದ ಅದೇ ಮರ್ಯಾದೆಯನ್ನು ಪಡೆಯತಕ್ಕದ್ದು. ಅದನ್ನು ಸಲ್ಲಿಸಿದ ಮೇಲೆ, ಮೊಮ್ಮಕ್ಕಳೊಡನೆ ಯಾವ ಮಾತನ್ನಾಡಬೇಕೆಂಬುದು ಯಾವ ಆಯೋಗವೂ ಯಾವ ಗಡಿಯೂ ನಿಶ್ಚಯಿಸಲಾರದ ವಿಷಯ. ನಮ್ಮ ಹಿರಿಯರಲ್ಲಿ ಯಾರು ಯಾವಾಗ ಮನೆಯ ಮಾತನ್ನು ಬಿಟ್ಟರೆಂಬುದನ್ನು ಶಾಸನಗಳಲ್ಲಿ ಹುಡುಕುತ್ತ ನಾವು ಬಹಳ ಪರಿಶ್ರಮಪಟ್ಟಿದ್ದೇವೆ. ನಮ್ಮ ತಲೆಮಾರಿನ ಲೆಕ್ಕವನ್ನಾದರೂ ಸರಿಯಾಗಿ ಬರೆದಿಟ್ಟರೆ ಮುಂದಿನ ಸಂಶೋಧಕನಿಗೆ ಆ ತೊಂದರೆ ತಪ್ಪೀತು.